ಸ್ನಾಯು ಕಾಯಿಲೆ ಅಂದರೆ ಯಾವುದು ಅಂತ ಮೊದಲು ಕೇಳಿ

ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುರವಣಿಯಲ್ಲಿ ಸ್ನಾಯು ಕಾಯಿಲೆಗೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶ ಆಗಬಲ್ಲ ಮೂಲಕೋಶ) ಇಂಜೆಕ್ಷನ್ ಬಂದಿದೆ ಅಂತ ಅರ್ಧ ಪುಟದ ವರದಿ ಇತ್ತು. ಮಧ್ಯಾಹ್ನದೊಳಗೆ ಅದರ ಫೋಟೊ ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ‘ನೋಡಮ್ಮ, ಔಷಧಿ ಬಂತಂತೆ, ಇನ್ನೂ ಯಾಕೆ ಕಾಯ್ತಿದ್ದೀಯ’ ಅಂತ ಯಾರೋ ನನ್ನ ತಂಗಿಯ ಮಗಳಿಗೆ ಬರೆದಿದ್ದರು. ಅವಳ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತಾ ಹೋಗುವ ಜೀನ್ ದೋಷದ ಕಾಯಿಲೆ. ಅವಳು ಅದೇ ಸಂಜೆ ಆ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ನಂಬರ್ ನೀವೇ ಹಾಕಿದ್ದಿರಲ್ಲ. ಹುಡುಗನ ಜೀನ್ ರಿಪೋರ್ಟಿನಲ್ಲಿ ಏನಿದೆ ಅಂತ ಆ ಕಡೆಯವರು ಒಂದು ಮಾತು ಕೇಳಲಿಲ್ಲವಂತೆ. ಕೇಳಿದ್ದು ವಯಸ್ಸು, ತೂಕ, ಮುಂಗಡ ಯಾವಾಗ ಕಟ್ಟುತ್ತೀರಿ ಅನ್ನುವುದು.

ಈ ಪತ್ರ ಬರೆಯುವುದಕ್ಕೆ ಕಾರಣ ಅದು. ವರದಿಯಲ್ಲೂ ಅದೇ ಕೊರತೆ. ‘ಸ್ನಾಯು ಕಾಯಿಲೆ’ ಅಂತ ಬರೆದಿದ್ದೀರಿ. ಯಾವುದು? ಹುಟ್ಟಿನಿಂದ ಬರುವ ಸ್ನಾಯು ಕಾಯಿಲೆಗಳು ಒಂದಲ್ಲ ಎರಡಲ್ಲ, ಹತ್ತಾರು ಜೀನ್‌ಗಳಿಂದ ಬರುವ ಬೇರೆ ಬೇರೆ ಕಾಯಿಲೆಗಳು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ, ಮೆಟ್ಟಿಲು ಹತ್ತಲು ಆಗಲ್ಲ, ಕೂತರೆ ಏಳಲು ಆಗಲ್ಲ. ಒಳಗೆ ಕೆಟ್ಟಿರುವುದು ಬೇರೆ ಬೇರೆ. ಎಲ್ಲಿ ಕೆಟ್ಟಿದೆ ಅಂತ ಗೊತ್ತಿಲ್ಲದೆ ರಿಪೇರಿ ಮಾಡುತ್ತೇನೆ ಅನ್ನುವವರ ಮಾತನ್ನು ಪತ್ರಿಕೆ ಹಾಗೇ ಅಚ್ಚು ಹಾಕಬಾರದು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದವನು. ಹಾಗಾಗಿ ಸ್ವಲ್ಪ ಪಾಠ ಆಗಬಹುದು, ಸಹಿಸಿಕೊಳ್ಳಿ.

ನಮ್ಮ ಮೈಯ ಪ್ರತಿ ಜೀವಕೋಶದಲ್ಲೂ, ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟರೆ, ಅದೇ ಡಿಎನ್‌ಎ ಇದೆ. ಚರ್ಮದ ಕೋಶದಲ್ಲೂ ಸ್ನಾಯುವಿಗೆ ಬೇಕಾದ ಎಲ್ಲ ಜೀನ್‌ಗಳೂ ಇವೆ, ಆದರೆ ಮುಚ್ಚಿಕೊಂಡಿವೆ. ಯಾವುದು ತೆರೆಯಬೇಕು, ಯಾವುದು ಮುಚ್ಚಬೇಕು, ಯಾವಾಗ, ಎಷ್ಟು ಹೊತ್ತು ಅನ್ನುವುದರ ಮೇಲೆ ಒಂದು ಕೋಶ ಸ್ನಾಯು ಆಗುತ್ತೋ ಚರ್ಮ ಆಗುತ್ತೋ ಅನ್ನುವುದು ನಿಂತಿದೆ. 1970ರ ದಶಕದ ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಪೀಟರ್ ಜೋನ್ಸ್ ಮತ್ತು ಶರ್ಲಿ ಟೇಲರ್ ಇಲಿಯ ಕೋಶಗಳಿಗೆ ಅಜಾಸೈಟಿಡಿನ್ ಅನ್ನುವ ರಾಸಾಯನಿಕ ಹಾಕಿ ನೋಡಿದರು. ಅದು ಡಿಎನ್‌ಎ ಮೇಲೆ ಜೀನ್ ಮುಚ್ಚಿಡುವ ಮೀಥೈಲ್ ಗುರುತುಗಳನ್ನು ಅಳಿಸುತ್ತದೆ. ಕೆಲವು ದಿನ ಕಳೆದ ಮೇಲೆ ತಟ್ಟೆಯಲ್ಲಿ ಸ್ನಾಯುವಿನ ನಾರುಗಳು ಕಾಣಿಸಿಕೊಂಡವು. ಯಾರೂ ಹೊಸ ಜೀನ್ ಹಾಕಿರಲಿಲ್ಲ. ಮುಚ್ಚಿದ್ದು ತೆರೆದುಕೊಂಡಿತ್ತು, ಅಷ್ಟೇ.

ಹಾಗಾದರೆ ತೆರೆದುಕೊಂಡ ಆ ಜೀನ್ ಯಾವುದು? 1987ರಲ್ಲಿ ಸಿಯಾಟಲ್‌ನ ಹೆರಾಲ್ಡ್ ವೈನ್‌ಟ್ರೌಬ್ ಅವರ ಲ್ಯಾಬಿನಲ್ಲಿ ರಾಬರ್ಟ್ ಡೇವಿಸ್, ಆಂಡ್ರ್ಯೂ ಲಾಸರ್ ಅದನ್ನು ಹಿಡಿದರು. ಹೆಸರು ಮಯೋ-ಡಿ. ಆ ಒಂದು ಜೀನನ್ನು ಚರ್ಮದ ಕೆಳಗೆ ಸಿಗುವಂಥ ಕೋಶಕ್ಕೆ ಹಾಕಿದರೆ ಅದು ತನ್ನ ಕೆಲಸ ಬಿಟ್ಟು ಸ್ನಾಯು ಕೋಶ ಆಗಿಬಿಡುತ್ತಿತ್ತು. ಆ ಕಾಲಕ್ಕೆ ಇದು ನಂಬಲು ಕಷ್ಟವಾದ ಸಂಗತಿ. ಮಯೋ-ಡಿ ಪ್ರೋಟೀನ್ ತಾನೇ ಸ್ನಾಯುವಿನ ಭಾಗ ಆಗುವುದಿಲ್ಲ. ಅದು ಡಿಎನ್‌ಎ ಮೇಲೆ ಆರು ಅಕ್ಷರದ ಒಂದು ಗುರುತು ಇರುವ ಕಡೆಯೆಲ್ಲ ಹೋಗಿ ಕೂತು ಅಕ್ಕಪಕ್ಕದ ಜೀನ್‌ಗಳನ್ನು ಎಬ್ಬಿಸುತ್ತದೆ. ಅಂದರೆ ಸ್ವಿಚ್ ಒತ್ತುವ ಕೆಲಸ.

ಆಮೇಲೆ ಗೊತ್ತಾಗಿದ್ದು ಇದು ಒಬ್ಬರ ಕೆಲಸ ಅಲ್ಲ ಅಂತ. ಮಯೋ-ಡಿ ಇಲ್ಲದ ಇಲಿಗಳನ್ನು ಮಾಡಿದರು, ಅವು ಆರಾಮಾಗಿ ಓಡಾಡಿಕೊಂಡಿದ್ದವು. ಅದರ ಅಣ್ಣತಮ್ಮನಂಥ ಮಿಫ್-5 ಅನ್ನುವ ಜೀನ್ ಕೆಲಸ ಸರಿದೂಗಿಸಿತ್ತು. ಎರಡನ್ನೂ ತೆಗೆದಾಗ, 1993ರಲ್ಲಿ, ಹುಟ್ಟಿದ ಮರಿಗಳಲ್ಲಿ ಕೈಕಾಲು ಆಡಿಸುವ ಸ್ನಾಯುವೇ ಇರಲಿಲ್ಲ. ಇನ್ನೊಂದು ಜೀನ್ ಮಯೋಜೆನಿನ್. ಅದನ್ನು ತೆಗೆದರೆ ಎಳೆ ಸ್ನಾಯು ಕೋಶಗಳು ಹುಟ್ಟುತ್ತವೆ, ಆದರೆ ಒಂದಕ್ಕೊಂದು ಬೆಸೆದುಕೊಂಡು ಉದ್ದನೆಯ ನಾರು ಆಗುವುದಿಲ್ಲ. ಸ್ನಾಯುವಿನ ಒಂದು ನಾರಿನಲ್ಲಿ ನೂರಾರು ಕೋಶಕೇಂದ್ರಗಳು (ನ್ಯೂಕ್ಲಿಯಸ್) ಇರುವುದು ಈ ಬೆಸುಗೆಯಿಂದಲೇ. ಇನ್ನು ದೊಡ್ಡವರಲ್ಲಿ ನಾರು ಹರಿದರೆ ದುರಸ್ತಿ ಮಾಡುವುದು ಸ್ಯಾಟಲೈಟ್ ಸೆಲ್‌ಗಳು. ನಾರಿನ ಪಕ್ಕಕ್ಕೆ ಅಂಟಿಕೊಂಡು ಮಲಗಿರುವ ಇವನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡರು. ಇವು ಮಲಗಿರಬೇಕಾದರೂ ಜೀನ್‌ಗಳ ಹಿಡಿತ ಬೇಕು, ಏಳಬೇಕಾದರೂ ಬೇಕು. ನಮ್ಮ ದೇಶದ ಸಂಶೋಧನಾ ಸಂಸ್ಥೆಗಳಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಇನ್‌ಸ್ಟೆಮ್ ಮತ್ತು ಹೈದರಾಬಾದಿನ ಸಿಸಿಎಂಬಿಯಲ್ಲಿ ಜ್ಯೋತ್ಸ್ನಾ ಧವನ್ ಈ ಮಲಗಿದ ಕೋಶಗಳ ಮೇಲೆ ಕೆಲಸ ಮಾಡಿದವರು. ಬೆಂಗಳೂರಿನಲ್ಲೇ ಇರುವ ಎನ್‌ಸಿಬಿಎಸ್‌ನಲ್ಲಿ ಕೆ. ವಿಜಯರಾಘವನ್, ಐಐಎಸ್‌ಸಿಯಲ್ಲಿ ಉಪೇಂದ್ರ ನಾಂಗ್‌ತೊಂಬ ಹಣ್ಣುನೊಣದ ಹಾರುವ ಸ್ನಾಯು ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ್ದಾರೆ. ನಿಮ್ಮ ವರದಿಗಾರರಿಗೆ ಒಂದು ಬಸ್ಸಿನ ದೂರ. ಫೋನ್ ಮಾಡಿ ಕೇಳಬಹುದಿತ್ತು ಅಲ್ವಾ?

ಈ ವಿಜ್ಞಾನದ ತುಣುಕನ್ನೇ ಹಿಡಿದುಕೊಂಡು ವ್ಯಾಪಾರ ನಡೆಯುತ್ತಿದೆ. ‘ಒಂದು ಕೋಶ ಇನ್ನೊಂದು ಕೋಶ ಆಗುತ್ತದೆ’ ಅನ್ನುವುದು ನಿಜ. ಅದರ ಹಿಂದೆಯೇ ‘ನಿಮ್ಮ ಮಗನ ಮೂಳೆಮಜ್ಜೆ ತೆಗೆದು ಅವನಿಗೇ ಚುಚ್ಚುತ್ತೇವೆ, ಅದು ಸ್ನಾಯು ಆಗುತ್ತದೆ’ ಅಂತ ಸೇರಿಸುತ್ತಾರೆ. ಇಲ್ಲಿ ಎರಡು ಮೋಸ ಇದೆ. ಮೂಳೆಮಜ್ಜೆಯ ಕೋಶಕ್ಕೆ ಮಯೋ-ಡಿಯಂಥ ಸ್ವಿಚ್ ಯಾರೂ ಒತ್ತಿಲ್ಲ, ಸುಮ್ನೆ ಸೂಜಿಯಲ್ಲಿ ಚುಚ್ಚಿದ ಮಾತ್ರಕ್ಕೆ ಅದು ಸ್ನಾಯು ಆಗುವುದಿಲ್ಲ. ಇನ್ನೊಂದು ಇದಕ್ಕಿಂತ ದೊಡ್ಡದು. ಅದು ಅದೇ ಹುಡುಗನ ಕೋಶ. ಅವನ ಸ್ನಾಯುವಿನಲ್ಲಿ ಯಾವ ಜೀನ್ ತುಂಡಾಗಿದೆಯೋ ಮೂಳೆಮಜ್ಜೆಯಲ್ಲೂ ಅದೇ ತುಂಡಾದ ಜೀನ್ ಇದೆ. ಒಂದು ವೇಳೆ ಪವಾಡ ನಡೆದು ಅದು ಸ್ನಾಯು ಆದರೂ ಇಲ್ಲದ ಪ್ರೋಟೀನ್ ಎಲ್ಲಿಂದ ಬರಬೇಕು? ಇಷ್ಟು ಯೋಚಿಸಲು ಡಿಗ್ರಿ ಬೇಕಿಲ್ಲ.

ಬೇರೆಯವರ ಕೋಶ ಹಾಕಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಡುಶೆನ್ ಇರುವ 12 ಹುಡುಗರ ತೋಳಿನ ಸ್ನಾಯುವಿಗೆ ಅವರ ಅಪ್ಪ ಅಥವಾ ಅಣ್ಣತಮ್ಮಂದಿರ ಎಳೆ ಸ್ನಾಯು ಕೋಶಗಳನ್ನು ತಿಂಗಳಿಗೊಮ್ಮೆ ಆರು ತಿಂಗಳು ಚುಚ್ಚಿದ ಅಮೆರಿಕದ ಪ್ರಯೋಗದ ಫಲಿತಾಂಶ 1995ರಲ್ಲಿ ಬಂತು. ಶಕ್ತಿ ಬರಲಿಲ್ಲ. ಚುಚ್ಚಿದ ಕೋಶಗಳು ಹೆಚ್ಚಿನವು ಸತ್ತವು, ಉಳಿದವು ಸೂಜಿಯ ದಾರಿ ಬಿಟ್ಟು ಆಚೆ ಹೋಗಲಿಲ್ಲ. ಅದು ಸರಿಯಾದ ಜಾತಿಯ ಕೋಶ ಹಾಕಿದಾಗಿನ ಕಥೆ. ಹೃದಯಕ್ಕೆ, ಉಸಿರಾಟ ನಡೆಸುವ ವಪೆಗೆ (ಡಯಾಫ್ರಮ್) ಎಷ್ಟು ಕಡೆ ಅಂತ ಚುಚ್ಚುತ್ತೀರಿ? ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಡಿಬಿಟಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ರಕ್ತದ ಕಾಯಿಲೆಗಳಂಥ ಒಪ್ಪಿಗೆ ಇರುವ ಕಾರಣಗಳಿಗೆ ಮಾಡುವ ಮೂಳೆಮಜ್ಜೆ ಕಸಿ ಬಿಟ್ಟರೆ ಬೇರೆ ಯಾವ ಸ್ಟೆಮ್ ಸೆಲ್ ಚಿಕಿತ್ಸೆಯನ್ನೂ ಮಾಮೂಲಿ ಚಿಕಿತ್ಸೆ ಅಂತ ಕೊಡುವಂತಿಲ್ಲ. ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು. ದುಡ್ಡು ಕಟ್ಟಿಸಿಕೊಂಡು ಕೊಟ್ಟರೆ ಅದು ಪ್ರಯೋಗ ಅಲ್ಲ.

ಈಗ ಡುಶೆನ್ ವಿಷಯಕ್ಕೆ ಬರುತ್ತೇನೆ. ಹುಟ್ಟುವ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಕೆಟ್ಟಿರುವುದು ಎಕ್ಸ್ ಕ್ರೋಮೋಸೋಮಿನ ಮೇಲಿನ ಡಿಸ್ಟ್ರೋಫಿನ್ ಜೀನ್, ಸ್ನಾಯುವಿನ ನಾರು ಹರಿಯದಂತೆ ಕಾಯುವ ಪ್ರೋಟೀನಿನದು. ಬಾಸ್ಟನ್ನಿನ ಲೂಯಿ ಕುಂಕೆಲ್ ತಂಡ 1986-87ರಲ್ಲಿ ಅದನ್ನು ಹುಡುಕಿತು. ಮನುಷ್ಯನ ಜೀನ್‌ಗಳಲ್ಲೇ ಅತಿ ಉದ್ದದ್ದರಲ್ಲಿ ಇದು ಒಂದು, ಸುಮಾರು 22 ಲಕ್ಷ ಅಕ್ಷರ. ಅದರಲ್ಲಿ ಪ್ರೋಟೀನಿಗೆ ಬೇಕಾದದ್ದು 79 ತುಂಡುಗಳಲ್ಲಿ ಹಂಚಿಹೋಗಿರುವ 11 ಸಾವಿರ ಅಕ್ಷರ ಮಾತ್ರ. ಒಂದು ಸಲ ಪೂರ್ತಿ ನಕಲು ಮಾಡಲು ಕೋಶಕ್ಕೆ ಸುಮಾರು 16 ಗಂಟೆ ಬೇಕು. ಇಷ್ಟು ಉದ್ದ ಇದ್ದ ಮೇಲೆ ಎಲ್ಲೋ ಒಂದು ಕಡೆ ತುಂಡಾಗುವುದು ಆಶ್ಚರ್ಯ ಅಲ್ಲ. ಆ 79 ತುಂಡುಗಳಿಗೆ ಎಕ್ಸಾನ್ ಅನ್ನುತ್ತಾರೆ.

ತುಂಡಾಗುವುದರಲ್ಲೂ ವ್ಯತ್ಯಾಸ ಇದೆ, ಇದನ್ನು ಓದುಗರಿಗೆ ದಯವಿಟ್ಟು ಹೇಳಬೇಕು. ಜೀನನ್ನು ಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ. ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು: ‘ರಮೇಶ ಹಳೆಯ ಬಾಗಿಲು ತೆರೆದ’. ಎಲ್ಲ ಮೂರಕ್ಷರದ ಪದ. ‘ಹಳೆಯ’ ಪೂರ್ತಿ ಅಳಿಸಿ, ‘ರಮೇಶ ಬಾಗಿಲು ತೆರೆದ’ ಅಂತ ಉಳಿಯುತ್ತದೆ, ಸ್ವಲ್ಪ ಕಡಿಮೆ ಆಯ್ತು, ಆದರೆ ಅರ್ಥ ಇದೆ. ಈಗ ‘ಹ’ ಒಂದೇ ಅಳಿಸಿ, ಆದರೆ ಮೂರು ಮೂರಾಗಿಯೇ ಓದಿ: ‘ರಮೇಶ ಳೆಯಬಾ ಗಿಲುತೆ ರೆದ’. ಅಲ್ಲಿಂದ ಮುಂದೆ ಎಲ್ಲ ಹಾಳು. ಡುಶೆನ್‌ನಲ್ಲಿ ಸಾಮಾನ್ಯವಾಗಿ ಆಗುವುದು ಇದು, ಪ್ರೋಟೀನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಅದೇ ಜೀನಿನಲ್ಲಿ ಲೆಕ್ಕ ತಪ್ಪದಂತೆ ತುಂಡಾಗಿದ್ದರೆ ಮೊಟಕಾದ ಪ್ರೋಟೀನ್ ಬರುತ್ತದೆ, ಕಾಯಿಲೆ ಸೌಮ್ಯ, ಅದಕ್ಕೆ ಬೆಕರ್ ಅಂತ ಹೆಸರು. ಎಷ್ಟೋ ಬೆಕರ್ ರೋಗಿಗಳು ಮಧ್ಯವಯಸ್ಸಿನಲ್ಲೂ ನಡೆಯುತ್ತಾರೆ. ತಮಾಷೆ ಅಂದರೆ ಕೆಲವು ಬೆಕರ್ ರೋಗಿಗಳಲ್ಲಿ ಕಳೆದುಹೋದ ಭಾಗ ಡುಶೆನ್ ಹುಡುಗರಿಗಿಂತ ಜಾಸ್ತಿ ಉದ್ದ ಇರುತ್ತದೆ.

ಇದೇ ಲೆಕ್ಕದ ಮೇಲೆ ಎಕ್ಸಾನ್ ಸ್ಕಿಪ್ಪಿಂಗ್ ಅನ್ನುವ ಚಿಕಿತ್ಸೆ ಬಂತು. ‘ಹ’ ಹೋಗಿದೆ, ಸರಿ, ಉಳಿದ ‘ಳೆಯ’ ಕೂಡ ಕೋಶದ ಕಣ್ಣಿಗೆ ಕಾಣದಂತೆ ಮರೆ ಮಾಡಿದರೆ ವಾಕ್ಯ ಮತ್ತೆ ಸರಿದಾರಿಗೆ ಬರುತ್ತದೆ. ನಮ್ಮ ಹುಡುಗನಿಗೆ 48ರಿಂದ 50ರವರೆಗಿನ ಎಕ್ಸಾನ್‌ಗಳು ಇಲ್ಲ. ಅವನಿಗೆ 51 ಮರೆ ಮಾಡಿದರೆ ಲೆಕ್ಕ ಕೂಡುತ್ತದೆ. ಪಕ್ಕದ ಊರಿನ ಇನ್ನೊಬ್ಬ ಡುಶೆನ್ ಹುಡುಗನಿಗೆ ಅದೇ ಔಷಧಿ ಪೂರ್ತಿ ವ್ಯರ್ಥ ಆಗಬಹುದು, ಅವನಿಗೆ 45 ಅಥವಾ 53 ಮರೆ ಮಾಡಬೇಕಿರಬಹುದು. ರಿಪೋರ್ಟ್ ಇಲ್ಲದೆ ಇದನ್ನು ಹೇಗೆ ಹೇಳುವುದು? ಹಾಗಂತ 51ರ ಔಷಧಿ ಸಂಜೀವಿನಿ ಅಲ್ಲ. ಎಟೆಪ್ಲಿರ್ಸೆನ್ ಅನ್ನುವ ಆ ಔಷಧಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಾಗ ಅದು ಮರಳಿ ತಂದ ಡಿಸ್ಟ್ರೋಫಿನ್ ಮಾಮೂಲಿ ಪ್ರಮಾಣದ ಹೆಚ್ಚುಕಡಿಮೆ ಶೇ 1 ಮಾತ್ರ. ಯುರೋಪಿನವರು 2018ರಲ್ಲಿ ಬೇಡ ಅಂದರು. ಬೆಂಗಳೂರಿನಲ್ಲೂ ಇಂಥ ಮಕ್ಕಳ ಪೋಷಕರು ಸೇರಿ ಕಟ್ಟಿದ ಡಿಸ್ಟ್ರೋಫಿ ಅನೈಹಿಲೇಷನ್ ರಿಸರ್ಚ್ ಟ್ರಸ್ಟ್ ಇದೇ ದಾರಿಯಲ್ಲಿ ನಮ್ಮ ದೇಶದಲ್ಲೇ ಔಷಧಿ ಮಾಡಲು ಹೆಣಗುತ್ತಿದೆ. ಅರ್ಧ ಪುಟ ಅವರಿಗೆ ಕೊಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಕೋಟಿಗಟ್ಟಲೆ ಬೆಲೆಯ ಜೀನ್ ಥೆರಪಿ ಬಗ್ಗೆಯೂ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ, ಜನ ದೇಣಿಗೆ ಎತ್ತುತ್ತಾರೆ. ಅದರ ಕಥೆಯೂ ಪೂರ್ತಿ ಹೇಳಿ. ಡುಶೆನ್‌ಗೆ ಮಾಡಿದ ಎಲೆವಿಡಿಸ್ ಅನ್ನುವ ಔಷಧಿಗೆ 2023ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಬೆಲೆ 32 ಲಕ್ಷ ಡಾಲರ್. ಇದರಲ್ಲಿ ಜೀನನ್ನು ಒಂದು ವೈರಸ್ಸಿನೊಳಗೆ ತುಂಬಿ ಸ್ನಾಯುವಿಗೆ ಸಾಗಿಸುತ್ತಾರೆ. ಆ ವೈರಸ್ಸಿನಲ್ಲಿ 5 ಸಾವಿರ ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ, ಅದಕ್ಕೇ ಡಿಸ್ಟ್ರೋಫಿನ್‌ನ ಪುಟ್ಟ ರೂಪವನ್ನು ತುಂಬುತ್ತಾರೆ. ಅದರ ಮುಂದೆ ಒಂದು ಸ್ವಿಚ್ ಕೂಡ ಜೋಡಿಸುತ್ತಾರೆ, ಸ್ನಾಯು ಮತ್ತು ಹೃದಯದಲ್ಲಿ ಮಾತ್ರ ಆನ್ ಆಗುವಂಥದ್ದು. ಮಯೋ-ಡಿಯ ಕಾಲದಿಂದ ಸ್ನಾಯುವಿನ ಜೀನ್‌ಗಳ ಸ್ವಿಚ್‌ಗಳನ್ನು ಬಿಚ್ಚಿ ನೋಡಿದವರ ಕೆಲಸ ಇಲ್ಲಿ ನೇರವಾಗಿ ಉಪಯೋಗಕ್ಕೆ ಬಂದಿದೆ, ಈ ಮಾತು ನನಗೆ ಬಹಳ ಇಷ್ಟ. ಆದರೆ ಫಲಿತಾಂಶ? ದೊಡ್ಡ ಪ್ರಯೋಗದಲ್ಲಿ ಅದು ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. 2025ರಲ್ಲಿ ನಡೆಯಲಾಗದ ಇಬ್ಬರು ಹುಡುಗರು ಲಿವರ್ ಕೆಟ್ಟು ತೀರಿಕೊಂಡ ಮೇಲೆ ನಡೆಯಲಾಗದವರಿಗೆ ಕೊಡುವುದನ್ನು ನಿಲ್ಲಿಸಿದರು. ಎಕ್ಸಾನ್ 8 ಅಥವಾ 9 ಹೋಗಿರುವವರಿಗೆ ಅದನ್ನು ಕೊಡುವಂತೆಯೇ ಇಲ್ಲ. ಇಲ್ಲೂ ಮೊದಲು ರಿಪೋರ್ಟೇ ಬೇಕು.

ಈ ರಿಪೋರ್ಟ್ ಎಷ್ಟು ತಡವಾಗಿ ಕೈಗೆ ಬರುತ್ತದೆ ಅನ್ನುವುದಕ್ಕೆ ನಮ್ಮ ಮನೆಯದೇ ಸಂಗತಿ ಹೇಳುತ್ತೇನೆ. ಹುಡುಗ ನಡೆಯಲು ಕಲಿತದ್ದೇ ತಡವಾಗಿ. ಆಮೇಲೆ ನೆಲದಿಂದ ಏಳುವಾಗ ಎರಡೂ ಕೈ ನೆಲಕ್ಕೆ ಊರಿ, ಮೊಣಕಾಲು ಹಿಡಿದು, ತೊಡೆ ಹಿಡಿದು, ತನ್ನ ಮೈಮೇಲೆ ತಾನೇ ಹತ್ತುವ ಹಾಗೆ ಎದ್ದು ನಿಲ್ಲುತ್ತಿದ್ದ. ಇದನ್ನು ಗವರ್ಸ್ ಚಿಹ್ನೆ ಅನ್ನುತ್ತಾರೆ, ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ಮೀನಖಂಡ ಮಾತ್ರ ಪೈಲ್ವಾನನ ಥರ ದಪ್ಪ. ‘ಅಜ್ಜನ ಕಾಲು ಬಂದಿದೆ’ ಅಂತ ಎಲ್ಲರಿಗೂ ಖುಷಿ. ಒಮ್ಮೆ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ, ಲಿವರ್ ಪರೀಕ್ಷೆಯಲ್ಲಿ ನೋಡುವ ಕಿಣ್ವಗಳು ಎರಡೂ ಏರಿದ್ದವು. ಒಂದು ಆಸ್ಪತ್ರೆಯಲ್ಲಿ ಲಿವರ್ ತೊಂದರೆ ಅಂದರು. ಎಣ್ಣೆ, ತುಪ್ಪ, ಮೊಟ್ಟೆ ಎಲ್ಲ ಬಂದ್. ಕಡಿಮೆ ಆಗಲಿಲ್ಲ ಅಂತ ಕಾಮಾಲೆಗೆ ನಾಟಿ ಔಷಧಿ, ಬೆಳಗ್ಗೆ ಬರಿಹೊಟ್ಟೆಗೆ ಕಹಿ ಸೊಪ್ಪಿನ ರಸ. ಕಣ್ಣು ಹಳದಿ ಆಗಿರಲೇ ಇಲ್ಲ ಅನ್ನುವುದನ್ನು ಯಾರೂ ನೋಡಲಿಲ್ಲ. ಆ ಎರಡು ಕಿಣ್ವಗಳು ಸ್ನಾಯುವಿನಿಂದಲೂ ರಕ್ತಕ್ಕೆ ಬರುತ್ತವೆ. ಸ್ನಾಯು ಹಾಳಾದರೆ ಏರುವ ಸಿಕೆ ಅಥವಾ ಸಿಪಿಕೆ ಅಂತ ಇನ್ನೊಂದು ಸಾಧಾರಣ ರಕ್ತ ಪರೀಕ್ಷೆ ಬರೆದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬಹಳ ತಡವಾಗಿ ಮಾಡಿಸಿದಾಗ, ಇನ್ನೂರರ ಒಳಗೆ ಇರಬೇಕಾದದ್ದು ಹದಿನೈದು ಸಾವಿರ ದಾಟಿತ್ತು. ಅಷ್ಟು ದಿನ ಸ್ಟೀರಾಯ್ಡ್ ತಪ್ಪಿತು. ಪ್ರೆಡ್ನಿಸೊಲೋನ್ ಅಥವಾ ಡೆಫ್ಲಾಜಾಕಾರ್ಟ್ ಕಾಯಿಲೆ ವಾಸಿ ಮಾಡುವುದಿಲ್ಲ, ಆದರೆ ನಡೆಯುವ ವರ್ಷಗಳನ್ನು ಹೆಚ್ಚಿಸುತ್ತವೆ, ಇದಕ್ಕೆ ಒಳ್ಳೆಯ ಪುರಾವೆ ಇದೆ.

ಶಾಲೆಯಲ್ಲಿ ಅವನನ್ನು ಸೋಮಾರಿ ಅಂದರು. ಓದಿನಲ್ಲೂ ಸ್ವಲ್ಪ ಹಿಂದೆ. ಅದಕ್ಕೂ ಜೀನಿನಲ್ಲೇ ಕಾರಣ ಇರಬಹುದು. ಡಿಸ್ಟ್ರೋಫಿನ್ ಜೀನಿನ ಒಳಗೆ ಸ್ನಾಯುವಿಗೆ ಒಂದು ಸ್ವಿಚ್ ಇದ್ದರೆ ಮೆದುಳಿಗೆ ಬೇರೆ ಸ್ವಿಚ್‌ಗಳಿವೆ, ಅವುಗಳಿಂದ ಬೇರೆ ಅಳತೆಯ ಪ್ರೋಟೀನ್‌ಗಳು ಬರುತ್ತವೆ. ತುಂಡಾದ ಜಾಗ ಆ ಭಾಗಕ್ಕೂ ತಾಗಿದರೆ ಕಲಿಕೆಗೂ ತೊಂದರೆ ಆಗುವ ಸಾಧ್ಯತೆ ಜಾಸ್ತಿ. ಮೇಷ್ಟ್ರುಗಳು ಇದನ್ನು ತಿಳಿದುಕೊಂಡರೆ ಕಿವಿ ಹಿಂಡುವುದಾದರೂ ತಪ್ಪುತ್ತದೆ.

ಇನ್ನು ಬೈಗುಳ ಯಾರಿಗೆ? ತಾಯಿಗೆ. ನನ್ನ ತಂಗಿಯ ಮಗಳನ್ನು ಅತ್ತೆ ಮಗನಿಗೇ ಕೊಟ್ಟಿದ್ದು. ‘ಸಂಬಂಧದಲ್ಲೇ ಮದುವೆ ಮಾಡಿದ್ದಕ್ಕೆ ಹೀಗಾಯ್ತು’ ಅಂತ ಒಂದು ಕಡೆ, ‘ಅವಳ ಕಡೆಯಿಂದ ಬಂತು’ ಅಂತ ಇನ್ನೊಂದು ಕಡೆ. ಡುಶೆನ್‌ಗೂ ಒಳಸಂಬಂಧದ ಮದುವೆಗೂ ನಂಟಿಲ್ಲ. ಗಂಡುಮಗುವಿಗೆ ಎಕ್ಸ್ ತಾಯಿಯಿಂದ ಮಾತ್ರ ಬರುತ್ತದೆ, ಅಪ್ಪ ಕೊಡುವುದು ವೈ. ಅಪ್ಪ ನೆಂಟನಾದರೇನು, ಬೇರೆ ದೇಶದವನಾದರೇನು. ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ತಾಯಿಯ ರಕ್ತದಲ್ಲೂ ದೋಷ ಇರುವುದಿಲ್ಲ, ಹೊಸದಾಗಿ ಆದದ್ದು. ಆದರೆ ಸೊಂಟ, ಭುಜದ ಸುತ್ತಲಿನ ಸ್ನಾಯು ಸೋಲುವ ಲಿಂಬ್ ಗರ್ಡಲ್ ಅನ್ನುವ ಗುಂಪಿನ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು, ಅಲ್ಲಿ ಸೋದರಮಾವ, ಅತ್ತೆ ಮಗ ಅಂತ ಕೊಡುವ ನಮ್ಮ ಪದ್ಧತಿ ಅಪಾಯ ಹೆಚ್ಚಿಸುತ್ತದೆ. ಅದರಲ್ಲಿ ಸಾರ್ಕೊಗ್ಲೈಕನ್ ಅನ್ನುವ ಪ್ರೋಟೀನ್‌ಗಳ ದೋಷದವು ಡುಶೆನ್ ಥರವೇ ಕಾಣುತ್ತವೆ, ಹೆಣ್ಣುಮಕ್ಕಳಿಗೂ ಬರುತ್ತವೆ. ಒಂದಕ್ಕೆ ಹೇಳಬೇಕಾದ ಬುದ್ಧಿಮಾತನ್ನು ಇನ್ನೊಂದಕ್ಕೆ ಹೇಳಿ ಹೆಣ್ಣುಮಗಳ ಮನಸ್ಸು ಮುರಿಯುತ್ತೇವೆ. ತಾಯಿಗೆ ದೋಷದ ಪ್ರತಿ ಇದೆ ಅಂತ ಗೊತ್ತಾದರೆ ಬೈಯುವ ಬದಲು ಅವಳ ಹೃದಯ ಪರೀಕ್ಷೆ ಮಾಡಿಸಿ. ಅಂಥ ಹೆಂಗಸರಲ್ಲಿ ಕೆಲವರಿಗೆ ಹೃದಯದ ಸ್ನಾಯು ಸೋಲುವುದುಂಟು. ಅವಳ ಅಕ್ಕತಂಗಿಯರೂ ಬಯಸಿದರೆ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಜೀನ್ ತುಂಡಾಗದೆಯೂ ಸ್ನಾಯು ಕೆಡಬಹುದು ಅನ್ನುವುದು ನಿಮ್ಮ ವರದಿಗಾರರಿಗೆ ಹೊಸದಾಗಿರಬಹುದು. ಎಫ್‌ಎಸ್‌ಎಚ್‌ಡಿ ಅಂತ ಒಂದಿದೆ, ಮುಖ, ಭುಜ, ತೋಳಿನ ಸ್ನಾಯು ಸೋಲುವ ಕಾಯಿಲೆ. ಸಿಳ್ಳೆ ಹಾಕಲು ಆಗಲ್ಲ, ಸ್ಟ್ರಾದಲ್ಲಿ ಎಳನೀರು ಕುಡಿಯಲು ಆಗಲ್ಲ, ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಭುಜದ ಮೂಳೆ ರೆಕ್ಕೆಯಂತೆ ಹೊರಗೆ ಬರುತ್ತದೆ, ಅದೂ ಒಂದು ಕಡೆ ಜಾಸ್ತಿ ಒಂದು ಕಡೆ ಕಡಿಮೆ. ಇಲ್ಲಿ ಡಕ್ಸ್-4 ಅನ್ನುವ ಜೀನ್ ಚೆನ್ನಾಗಿಯೇ ಇದೆ. ಅದು ಗರ್ಭ ಕಟ್ಟಿದ ಮೊದಲ ಕೆಲವು ದಿನ ಕೆಲಸ ಮಾಡಿ, ಆಮೇಲೆ ಸ್ನಾಯುವಿನಲ್ಲಿ ಜೀವಮಾನವಿಡೀ ಮುಚ್ಚಿರಬೇಕಾದದ್ದು. ನಾಲ್ಕನೇ ಕ್ರೋಮೋಸೋಮಿನ ತುದಿಯಲ್ಲಿ 3,300 ಅಕ್ಷರದ ಒಂದು ತುಣುಕು ಸಾಲಾಗಿ ಪುನರಾವರ್ತನೆ ಆಗಿರುತ್ತದೆ, ಮಾಮೂಲಿ ಜನರಲ್ಲಿ 11ರಿಂದ 100 ಸಲ. ಆ ಸಾಲು 10ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಮುಚ್ಚಳ ಸಡಿಲ ಆಗುತ್ತದೆ. ಆಗ, ಪಕ್ಕದ ಡಿಎನ್‌ಎ ಒಂದು ನಿರ್ದಿಷ್ಟ ಬಗೆಯದಾಗಿದ್ದರೆ, ಡಕ್ಸ್-4 ಸ್ನಾಯುವಿನಲ್ಲಿ ಎಚ್ಚರಗೊಂಡು ನಾರನ್ನು ಕೊಲ್ಲುತ್ತದೆ. 2010ರಲ್ಲಿ ಈ ಒಗಟು ಬಿಡಿಸಿಕೊಂಡಿತು. ಆ ಕೆಲಸದಲ್ಲಿ ಇದ್ದ ಸ್ಟೀಫನ್ ಟ್ಯಾಪ್‌ಸ್ಕಾಟ್ ಹಿಂದೆ ವೈನ್‌ಟ್ರೌಬ್ ಜೊತೆ ಮಯೋ-ಡಿ ಮೇಲೆ ಕೆಲಸ ಮಾಡಿದವರೇ. ಇಂಥ ರೋಗಿಗೆ ಹೊಸ ಜೀನ್ ಹಾಕಿ ಏನು ಪ್ರಯೋಜನ? ಬೇಕಾದದ್ದು ಮುಚ್ಚುವ ಔಷಧಿ. ಲೊಸ್ಮಾಪಿಮೋಡ್ ಅಂತ ಒಂದನ್ನು ನೋಡಿದರು, 2024ರಲ್ಲಿ ಕೊನೆ ಹಂತದಲ್ಲಿ ಸೋತಿತು.

ಮಯೋಟಾನಿಕ್ ಡಿಸ್ಟ್ರೋಫಿ ಇನ್ನೊಂದು ಥರ. ಕೈಕುಲುಕಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ, ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆ, ಹೃದಯದ ಬಡಿತದ ತೊಂದರೆ. ಅಲ್ಲಿ ಮೂರಕ್ಷರ ನೂರಾರು ಸಲ ಬೆಳೆದು, ಅದರ ನಕಲು ಇನ್ನೊಂದು ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ, ದೊಡ್ಡವರ ಸ್ನಾಯುವಿನಲ್ಲಿ ಹುಟ್ಟುವ ಮುಂಚಿನ ರೂಪದ ಪ್ರೋಟೀನ್‌ಗಳು ತಯಾರಾಗತೊಡಗುತ್ತವೆ. ಇಂಥವರನ್ನು, ಎಫ್‌ಎಸ್‌ಎಚ್‌ಡಿಯವರನ್ನು, ಡುಶೆನ್ ಹುಡುಗರನ್ನು ಒಂದೇ ಸಾಲಿನಲ್ಲಿ ಕೂರಿಸಿ ಒಂದೇ ಸೂಜಿ ಚುಚ್ಚುವವರ ಫೋಟೊ ನಿಮ್ಮ ಪುಟದಲ್ಲಿ ಬಂದಿದೆ.

ಸ್ವಿಚ್‌ಗಳ ಮೇಲೆ ಕೆಲಸ ಮಾಡುವ ಒಂದು ಔಷಧಿ ಮಾತ್ರ ನಿಜಕ್ಕೂ ಬಂದಿದೆ, ಅದನ್ನೂ ಹೇಳಬೇಕು. ಡುಶೆನ್ ಸ್ನಾಯುವಿನಲ್ಲಿ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುವ ಕೆಲವು ಕಿಣ್ವಗಳು ಜಾಸ್ತಿ ಚುರುಕಾಗಿ ದುರಸ್ತಿಯ ಜೀನ್‌ಗಳು ಮುಚ್ಚಿಕೊಳ್ಳುತ್ತವೆ. ಗಿವಿನೊಸ್ಟಾಟ್ ಆ ಕಿಣ್ವಗಳನ್ನು ತಡೆಯುತ್ತದೆ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 6 ವರ್ಷ ತುಂಬಿದವರಿಗೆ ಒಪ್ಪಿಗೆ ಸಿಕ್ಕಿತು. ಯಾವ ಎಕ್ಸಾನ್ ಹೋಗಿದ್ದರೂ ಸರಿ, ಸ್ಟೀರಾಯ್ಡ್ ಜೊತೆಗೆ ಕುಡಿಯುವ ಔಷಧಿ. ಪ್ರಯೋಗದಲ್ಲಿ ನಾಲ್ಕು ಮೆಟ್ಟಿಲು ಹತ್ತುವ ಶಕ್ತಿ ಕುಂದುವುದು ನಿಧಾನ ಆಯ್ತು, ನಿಲ್ಲಲಿಲ್ಲ. ಇಷ್ಟೇ ಹೇಳಿದರೆ ಸಾಕು, ಜನಕ್ಕೆ ಅರ್ಥ ಆಗುತ್ತದೆ.

ಸರ್ಕಾರದ ಕಡೆ: 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಡುಶೆನ್ ಹೆಸರಿದೆ, ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಿದರು. 50 ಲಕ್ಷ ದೊಡ್ಡ ಮೊತ್ತವೇ, ಆದರೆ ಮೇಲೆ ಹೇಳಿದ ಬೆಲೆಗಳ ಮುಂದೆ ಇಟ್ಟು ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಸಿಗುತ್ತದೆ, ಎಷ್ಟೋ ಮನೆಗಳಿಗೆ ಇದೂ ಗೊತ್ತಿಲ್ಲ.

ನನ್ನ ಕೋರಿಕೆ ಇಷ್ಟು. ಅದೇ ಪುರವಣಿಯಲ್ಲಿ, ಅದೇ ಜಾಗದಲ್ಲಿ ತಿದ್ದುಪಡಿ ಹಾಕಿ. ಆ ಚಿಕಿತ್ಸೆಗೆ ಯಾವ ಪ್ರಯೋಗದ ಅನುಮತಿ ಇದೆ ಅಂತ ಕ್ಲಿನಿಕ್ಕನ್ನು ಕೇಳಿ, ಬಂದ ಉತ್ತರವನ್ನು ಅಚ್ಚು ಹಾಕಿ, ಉತ್ತರ ಬರದಿದ್ದರೆ ಬರಲಿಲ್ಲ ಅಂತ ಹಾಕಿ. ಮಗು ತಡವಾಗಿ ನಡೆದರೆ, ತೊಡೆ ಹಿಡಿದು ಎದ್ದರೆ, ಲಿವರ್ ಪರೀಕ್ಷೆ ಸುಮ್ನೆ ಏರಿದ್ದರೆ ಸಿಕೆ ಮಾಡಿಸಿ ಅಂತ ಒಂದು ಪೆಟ್ಟಿಗೆ ಬರೆಯಿರಿ. ಆಮೇಲೆ ಜೀನ್ ಪರೀಕ್ಷೆ: ಮೊದಲು ಯಾವ ಎಕ್ಸಾನ್ ಹೋಗಿದೆ ಅಂತ ನೋಡುವ ಎಂಎಲ್‌ಪಿಎ, ಅದರಲ್ಲಿ ಸಿಗದಿದ್ದರೆ ಜೀನನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್. ಡುಶೆನ್ ಮಗುವಿಗೆ ಆಪರೇಷನ್ ಆಗುವುದಿದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ ಅಂತಲೂ ಸೇರಿಸಿ, ಸಕ್ಸಿನೈಲ್‌ಕೋಲಿನ್ ಅನ್ನುವ ಔಷಧಿ ಅವರಿಗೆ ಪ್ರಾಣಕ್ಕೇ ಅಪಾಯ. ಕ್ಲಿನಿಕ್ಕಿನ ಫೋನ್ ನಂಬರ್ ಇದ್ದ ಜಾಗದಲ್ಲಿ ನಿಮ್ಹಾನ್ಸ್‌ನ ನರ-ಸ್ನಾಯು ವಿಭಾಗದ್ದು ಮತ್ತು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನದು ಹಾಕಿ. ನಮ್ಮ ಹುಡುಗನ ರಿಪೋರ್ಟ್ ಬೇಕಿದ್ದರೆ, ಹೆಸರು ಅಳಿಸಿ, ನಿಮ್ಮ ವರದಿಗಾರರಿಗೆ ಓದಿ ಹೇಳಲು ನಾನು ಸಿದ್ಧ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಹಾಸನ